ಹೆರಿಗೆ ನೋವಿನ ಹೊತ್ತಿನಲ್ಲಿ ಎಚ್‌ಐವಿ ಟೆಸ್ಟ್ ಯಾಕೆ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು. ನನ್ನ ತಂಗಿ ಮತ್ತು ಆಕೆಯ ಗಂಡ ಪುಣೆಯಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ಚೊಚ್ಚಲ ಹೆರಿಗೆ ಅಂತ ತಂಗಿ ಹತ್ತು ದಿನ ಮುಂಚೆ ತವರಿಗೆ ಬಂದಳು. ಫೈಲು, ಸ್ಕ್ಯಾನಿಂಗ್ ರಿಪೋರ್ಟು ಎಲ್ಲ ಅಲ್ಲೇ ಉಳಿಯಿತು. ರಾತ್ರಿ ಎರಡು ಗಂಟೆಗೆ ನೋವು ಬಂತು, ಸರ್ಕಾರಿ ದವಾಖಾನೆಗೆ ಕರೆದೊಯ್ದೆವು. ಅಲ್ಲಿ ಸಿಸ್ಟರ್ ಬೆರಳಿಗೆ ಚುಚ್ಚಿ ಎಚ್‌ಐವಿ ಟೆಸ್ಟ್ ಮಾಡಬೇಕು ಅಂದರು. ಮೂರನೇ ತಿಂಗಳಲ್ಲೇ ಪುಣೆಯಲ್ಲಿ ಮಾಡಿಸಿದೆ, ನೆಗೆಟಿವ್ ಇತ್ತು ಅಂದರೂ ಬಿಡಲಿಲ್ಲ. ಅವ್ವ ದೊಡ್ಡ ಜಗಳ ತೆಗೆದಳು. ಕೊನೆಗೆ ತಂಗಿಯೇ ಹೂಂ ಅಂದಳು. ನೆಗೆಟಿವ್ ಬಂತು. ಹೆಣ್ಣು ಕೂಸು, ಇಬ್ಬರೂ ಆರಾಮಾಗಿದ್ದಾರೆ. ಆದರೂ ಕೇಳುತ್ತೇನೆ, ಅಂಥ ಹೊತ್ತಿನಲ್ಲಿ ಈ ಟೆಸ್ಟ್ ಬೇಕಾ? ಆಗ ಗೊತ್ತಾದರೂ ಏನು ಮಾಡೋಕಾಗುತ್ತೆ? ನನ್ನ ಹೆಂಡತಿಗೂ ಈಗ ಆರು ತಿಂಗಳು. ನಾನು ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ದುಡಿಯುತ್ತೇನೆ. ನಾವೇನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಅವ್ವನ ಸಿಟ್ಟಿನ ವಿಷಯ. "ನಮ್ಮ ಹುಡುಗಿ ಮ್ಯಾಲೆ ಅನುಮಾನ ಅದ ಏನ್ರಿ?" ಈ ಮಾತನ್ನು ಲೇಬರ್ ರೂಮಿನ ಬಾಗಿಲಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿ.ಪಿ. ನೋಡಿದರೆ ಯಾರೂ ಸಿಟ್ಟಾಗುವುದಿಲ್ಲ. ಹಿಮೋಗ್ಲೋಬಿನ್‌ಗೆ ಅದೇ ಬೆರಳಿಗೆ ಚುಚ್ಚಿದರೂ ಬೇಜಾರಿಲ್ಲ. ಎಚ್‌ಐವಿ ಅಂದ ಕೂಡಲೇ ಅದು ಮರ್ಯಾದೆಯ ಪ್ರಶ್ನೆ ಆಗಿಬಿಡುತ್ತದೆ. ಅವ್ವನ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಆ ಸಿಸ್ಟರ್ ಎರಡು ಮಾತು ಜಾಸ್ತಿ ಹೇಳಿದ್ದರೆ ಸಾಕಿತ್ತು: "ಅಮ್ಮಾ, ಕಾಗದ ಇಲ್ಲದೆ ಬಂದವರಿಗೆಲ್ಲ ಮಾಡ್ತೀವ್ರಿ, ಕೂಸಿನ ಸಲುವಾಗಿ." ರಾತ್ರಿ ಎರಡು ಗಂಟೆಗೆ, ಮೂರು ಹೆರಿಗೆ ಒಟ್ಟಿಗೆ ನಡೆಯುವಾಗ ಆ ಎರಡು ಮಾತಿಗೂ ಪುರುಸೊತ್ತು ಸಿಗುವುದಿಲ್ಲ. ಅದೂ ನಿಜ.

ಪುಣೆಯ ಟೆಸ್ಟ್ ಇರುವಾಗ ಮತ್ತೆ ಯಾಕೆ ಅಂದಿರಿ. ಒಂದು ಕಾರಣ ಸರಳ. ಕಾಗದ ಕೈಯಲ್ಲಿಲ್ಲ. "ನೆಗೆಟಿವ್ ಇತ್ತು" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಕೂರುವಂತಿಲ್ಲ. ಎಷ್ಟೋ ಮನೆಗಳಲ್ಲಿ "ಎಲ್ಲಾ ಬ್ಲಡ್ ಟೆಸ್ಟ್ ಆಗ್ಯಾವ್ರಿ" ಅನ್ನುತ್ತಾರೆ. ತೆಗೆದು ನೋಡಿದರೆ ಶುಗರ್ ಮತ್ತು ಬ್ಲಡ್ ಗ್ರೂಪ್ ಮಾತ್ರ ಇರುತ್ತದೆ.

ಇನ್ನೊಂದು ಕಾರಣ ಸ್ವಲ್ಪ ಸೂಕ್ಷ್ಮ. ಈ ಟೆಸ್ಟ್ ಹುಡುಕುವುದು ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಸೋಂಕು ತಗುಲಿದ ಮೊದಲ ಕೆಲವು ವಾರ, ಕೆಲವರಲ್ಲಿ ಮೂರು ತಿಂಗಳವರೆಗೂ, ಅವು ಟೆಸ್ಟಿಗೆ ಸಿಗದೇ ಇರಬಹುದು. ಇದನ್ನು ವಿಂಡೋ ಪೀರಿಯಡ್ ಅನ್ನುತ್ತಾರೆ. ಅಂದರೆ ಮೂರನೇ ತಿಂಗಳ ನೆಗೆಟಿವ್ ರಿಪೋರ್ಟ್ ಒಂಬತ್ತನೇ ತಿಂಗಳ ಬಗ್ಗೆ ಏನೂ ಹೇಳುವುದಿಲ್ಲ. ಬಸುರಿನಲ್ಲಿ ಹೊಸದಾಗಿ ಸೋಂಕು ಬಂದರೆ ಇನ್ನೂ ಕಷ್ಟ. ಹೊಸ ಸೋಂಕಿನಲ್ಲಿ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ ಇರುತ್ತದೆ, ಕೂಸಿಗೆ ದಾಟುವ ಅಪಾಯವೂ ಅಷ್ಟೇ ಜಾಸ್ತಿ. ನಿಮ್ಮ ತಂಗಿಗೆ ಹೀಗಾಗಿರಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ಗಂಡ ಹೆಂಡತಿ ಊರು ಬಿಟ್ಟು ದುಡಿಯುವ ಮನೆಗಳಲ್ಲಿ ಕೊನೆಯ ತಿಂಗಳಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು, ಅಷ್ಟೇ. ನಮ್ಮ ಕಡೆ ಅಂಥ ಮನೆಗಳು ಎಷ್ಟು ಅಂತ ನಿಮಗೇ ಗೊತ್ತಲ್ಲ. ದಸರಾ ಮುಗಿದ ಮೇಲೆ ಒಂದು ತಾಂಡಾಕ್ಕೆ ಹೋಗಿ ನೋಡಿ, ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ಮುದುಕರು.

ಈಗ ನಿಮ್ಮ ಅಸಲಿ ಪ್ರಶ್ನೆ. ಆ ಹೊತ್ತಿನಲ್ಲಿ ಗೊತ್ತಾದರೂ ಏನು ಮಾಡೋಕಾಗುತ್ತೆ? ಬಹಳ ಮಾಡಬಹುದು. ಬಸುರಿನಿಂದ ಹಾಲು ಬಿಡಿಸುವವರೆಗಿನ ದೀರ್ಘ ಕಾಲದಲ್ಲಿ, ಗಂಟೆಗೆ ಗಂಟೆ ಲೆಕ್ಕ ಹಾಕಿದರೆ, ಹೆರಿಗೆಯ ಆ ಕೆಲವು ಗಂಟೆಗಳಷ್ಟು ಅಪಾಯದ ಹೊತ್ತು ಬೇರೆ ಇಲ್ಲ. ಹಾಗಾಗಿ ಕೆಲಸ ಮಾಡಲೂ ಅದೇ ಹೊತ್ತು.

ತಾಯಿಗೆ ಎಚ್‌ಐವಿ ಇದ್ದರೆ ಕೂಸಿಗೂ ಬಂದೇ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಯಾವ ಔಷಧಿಯನ್ನೂ ಕೊಡದೆ ಸುಮ್ನೆ ಬಿಟ್ಟರೂ, ಹಾಲೂಡಿಸುವ ಕಾಲವನ್ನೂ ಸೇರಿಸಿ ನೂರರಲ್ಲಿ 15ರಿಂದ 45 ಕೂಸುಗಳಿಗೆ ಬರುತ್ತದೆ. ಉಳಿದ ಕೂಸುಗಳು ತಪ್ಪಿಸಿಕೊಳ್ಳುತ್ತವೆ. ಗರ್ಭದಲ್ಲಿದ್ದಾಗ ಮಾಸು ಒಂದು ಗೋಡೆಯಂತೆ ಕಾಯುತ್ತದೆ. ನೋವು ಶುರುವಾದ ಮೇಲೆ ಆ ಗೋಡೆ ಸಡಿಲಾಗುತ್ತದೆ. ಗರ್ಭಕೋಶ ಒಂದೊಂದು ಸಲ ಬಿಗಿಯಾದಾಗಲೂ ತಾಯಿಯ ರಕ್ತ ಚೂರು ಚೂರು ಕೂಸಿನ ಕಡೆ ಸೋರಬಹುದು. ನೀರು ಒಡೆದ ಮೇಲೆ, ಹೊರಗೆ ಬರುವ ದಾರಿಯಲ್ಲಿ, ಕೂಸಿನ ಕಣ್ಣು ಬಾಯಿಗೆಲ್ಲ ರಕ್ತ, ದ್ರವ ತಾಗುತ್ತದೆ. ಬಸುರಿನಲ್ಲೇ ಚಿಕಿತ್ಸೆ ಶುರುವಾಗಿ ಸರಿಯಾಗಿ ನಡೆದರೆ ಈ ಅಪಾಯ ನೂರಕ್ಕೆ ಎರಡಕ್ಕೂ ಕೆಳಗೆ ಇಳಿಯುತ್ತದೆ. ಹೆರಿಗೆ ಕೋಣೆಯಲ್ಲಿ ಗೊತ್ತಾದರೆ ಅಷ್ಟು ಇಳಿಯಲಿಕ್ಕಿಲ್ಲ, ಆದರೂ ದೊಡ್ಡ ಪಾಲು ತಪ್ಪಿಸಬಹುದು.

ಕೆಲವೇ ಗಂಟೆಗಳಲ್ಲಿ ಔಷಧಿ ಹೇಗೆ ಕೆಲಸ ಮಾಡುತ್ತದೆ? ತಾಯಿಯ ರಕ್ತದಲ್ಲಿರುವ ವೈರಸ್ಸನ್ನು ಅಷ್ಟರಲ್ಲಿ ಇಳಿಸಲು ಆಗುವುದಿಲ್ಲ. ಗುಟ್ಟು ಬೇರೆ. ತಾಯಿ ನುಂಗಿದ ಔಷಧಿ ಹೊಕ್ಕುಳಬಳ್ಳಿಯಲ್ಲಿ ಹರಿದು ಕೂಸಿಗೂ ತಲುಪುತ್ತದೆ. ವೈರಸ್ ಒಳಗೆ ಕಾಲಿಡುವ ಹೊತ್ತಿಗೆ ಔಷಧಿ ಅಲ್ಲಿ ಮೊದಲೇ ಕಾದು ಕೂತಿರುತ್ತದೆ. ಹುಟ್ಟಿದ ಮೇಲೆ ಸಿರಪ್ ಆ ಕಾವಲನ್ನು ಮುಂದುವರಿಸುತ್ತದೆ.

ಇದು ಗೊತ್ತಾದದ್ದು ಹಂತ ಹಂತವಾಗಿ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಒಂದು ಪ್ರಯೋಗದ ಫಲ ಹೊರಬಂತು. ಜಿಡೊವುಡಿನ್ ಎಂಬ ಒಂದೇ ಔಷಧಿಯನ್ನು ಬಸುರಿನಲ್ಲಿ, ಹೆರಿಗೆಯಲ್ಲಿ, ಆಮೇಲೆ ಕೂಸಿಗೂ ಕೊಟ್ಟಾಗ ನೂರಕ್ಕೆ 25 ಇದ್ದ ಸೋಂಕು 8ಕ್ಕೆ ಇಳಿಯಿತು. ಅದು ದುಬಾರಿ, ತಿಂಗಳುಗಟ್ಟಲೆ ಕೊಡಬೇಕು. 1999ರಲ್ಲಿ ಉಗಾಂಡಾದಿಂದ ಬಂದ ಸುದ್ದಿ ನಮ್ಮಂಥ ಬಡ ಊರುಗಳಿಗೆ ದೊಡ್ಡದಾಗಿತ್ತು. ನೋವು ಶುರುವಾದಾಗ ತಾಯಿಗೆ ನೆವಿರಪಿನ್ ಒಂದೇ ಮಾತ್ರೆ, ಹುಟ್ಟಿದ ಕೂಸಿಗೆ ಒಂದೇ ಸಲ ಸಿರಪ್. ಅಷ್ಟಕ್ಕೇ, ಸ್ವಲ್ಪ ದಿನ ಜಿಡೊವುಡಿನ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 25 ಕೂಸುಗಳಿಗೆ ಸೋಂಕು ಬಂದರೆ ಈ ಗುಂಪಿನಲ್ಲಿ 13ಕ್ಕೆ ಬಂತು. ನಮ್ಮ ದೇಶದಲ್ಲೂ ಹಲವು ವರ್ಷ ಇದೇ ಒಂದು ಮಾತ್ರೆ ನಡೆಯಿತು. ಅದರಲ್ಲೊಂದು ಕೊರತೆ ಇತ್ತು. ಕೂಸನ್ನು ನೋಡಿದೆವು, ತಾಯಿಯನ್ನು ಬಿಟ್ಟೆವು. ಅವಳು ಮಾತ್ರೆ ನುಂಗಿ ಮನೆಗೆ ಹೋದಳು, ಕಾಯಿಲೆ ಹಾಗೇ ಉಳಿಯಿತು. ಒಂದೇ ಔಷಧಿ ಒಂದೇ ಸಲ ಕೊಟ್ಟರೆ ವೈರಸ್ ಅದಕ್ಕೆ ಬಗ್ಗದಂತೆ ಬದಲಾಗುವುದೂ ಉಂಟು. 2014ರಿಂದ ನಮ್ಮಲ್ಲಿ ನಿಯಮ ಬದಲಾಯಿತು. ಈಗ ಪಾಸಿಟಿವ್ ಇರುವ ಪ್ರತಿ ಬಸುರಿಗೂ ಮೂರು ಔಷಧಿಗಳ ಚಿಕಿತ್ಸೆ, ಜೀವನಪೂರ್ತಿ, ಪುಕ್ಕಟೆ. ಮೂರೂ ಸೇರಿ ಒಂದೇ ಮಾತ್ರೆಯಲ್ಲಿ ಬರುತ್ತವೆ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ದಿನಕ್ಕೆ ಒಂದು.

ನಡುರಾತ್ರಿಯಲ್ಲಿ ಟೆಸ್ಟ್ ಮಾಡುವುದು ಆಗುವ ಮಾತೇ ಅಂತ ಡಾಕ್ಟರುಗಳಿಗೇ ಅನುಮಾನ ಇತ್ತು. ಮಹಾರಾಷ್ಟ್ರದ ಸೇವಾಗ್ರಾಮದ ಮೆಡಿಕಲ್ ಕಾಲೇಜಿನಲ್ಲಿ ಹಗಲು ರಾತ್ರಿ ಲೇಬರ್ ವಾರ್ಡಿನಲ್ಲೇ ರ‍್ಯಾಪಿಡ್ ಟೆಸ್ಟ್ ಮಾಡಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನ, ಹಳ್ಳಿಯ ಹೆಂಗಸರು ನೋವಿನ ನಡುವೆಯೂ ಒಪ್ಪುತ್ತಾರೆ, ಕೆಲಸ ಸುಸೂತ್ರ ನಡೆಯುತ್ತದೆ ಅಂತ ತೋರಿಸಿತು.

ಟೆಸ್ಟ್ ಅಂದರೆ ಇಷ್ಟೇ. ಬೆರಳ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಟ್ಟು, ಪಕ್ಕಕ್ಕೆ ಚುಚ್ಚುತ್ತಾರೆ. ನಡುವೆ ಚುಚ್ಚಿದರೆ ನೋವು ಜಾಸ್ತಿ. ಒಂದು ಹನಿ ರಕ್ತ ಟೆಸ್ಟ್ ಪಟ್ಟಿಯ ಸಣ್ಣ ತಗ್ಗಿನೊಳಗೆ, ಅದರ ಮೇಲೆ ಬಾಟಲಿಯ ದ್ರವದ ಹನಿ. ಬಿಳಿ ಪಟ್ಟಿಯ ಮೇಲೆ ಗುಲಾಬಿ ಬಣ್ಣ ನಿಧಾನ ಹರಿಯುತ್ತದೆ. ಮೊದಲು ಸಿ ಅಕ್ಷರದ ಎದುರು ಗೆರೆ ಬರಬೇಕು. ಬಂದರೆ ಪಟ್ಟಿ ಸರಿ ಇದೆ ಅಂತ ಅರ್ಥ. ಬರದಿದ್ದರೆ ಆ ಪಟ್ಟಿ ಎಸೆದು ಇನ್ನೊಂದು ತೆಗೆಯಬೇಕು. ಅದರ ಜೊತೆ ಇನ್ನೊಂದು ಗೆರೆಯೂ ಬಂದರೆ ಸೋಂಕು ಇರಬಹುದು ಅಂತ ಅರ್ಥ, ಮುಂದೆ ನಾನು ಗೆರೆ ಅನ್ನುವುದು ಇದನ್ನೇ. ಸುಮಾರು ಇಪ್ಪತ್ತು ನಿಮಿಷ ಕಾಯಬೇಕು. ನಾನು ಕಂಡ ಒಬ್ಬ ಹಿರಿಯ ಸಿಸ್ಟರ್ ಸ್ಟೀಲ್ ಟ್ರೇ ಪಕ್ಕ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತಿದ್ದರು. ಮುಂಚೆ ನೋಡಿದರೆ ತಿಳಿಗೆರೆ ತಪ್ಪಿಹೋಗುತ್ತದೆ, ತಡವಾಗಿ ನೋಡಿದರೆ ಇಲ್ಲದ ಗೆರೆ ಕಾಣುತ್ತದೆ. ಕೆಲವು ಕಡೆ ಅದೇ ಪಟ್ಟಿಯಲ್ಲಿ ಸಿಫಿಲಿಸ್ ಕೂಡ ನೋಡುತ್ತಾರೆ. ಅದೂ ತಾಯಿಯಿಂದ ಕೂಸಿಗೆ ದಾಟುವ ಕಾಯಿಲೆ, ಪೆನಿಸಿಲಿನ್ ಇಂಜೆಕ್ಷನ್‌ಗೆ ಬಗ್ಗುತ್ತದೆ.

ಒಂದು ವಿಷಯ ಒತ್ತಿ ಹೇಳುತ್ತೇನೆ. ಲೇಬರ್ ರೂಮಿನ ಒಂದು ಗೆರೆ ತೀರ್ಪಲ್ಲ. ಒಂದು ಲೆಕ್ಕ ಹಾಕೋಣ. ಸಾವಿರ ಬಸುರಿಯರಲ್ಲಿ ಇಬ್ಬರಿಗೆ ನಿಜವಾಗಿ ಎಚ್‌ಐವಿ ಇದೆ ಅಂದುಕೊಳ್ಳಿ. ಉಳಿದ 998 ಜನರಲ್ಲಿ ಇನ್ನೂರಕ್ಕೆ ಒಬ್ಬರಂತೆ ಪಟ್ಟಿ ತಪ್ಪು ಗೆರೆ ತೋರಿಸಿದರೂ ಐದು ಜನ ಆದರು. ಒಟ್ಟು ಏಳು ಗೆರೆಗಳಲ್ಲಿ ಐದು ಸುಳ್ಳು! ಪಟ್ಟಿ ಕೆಟ್ಟದ್ದು ಅಂತಲ್ಲ, ಕಾಯಿಲೆ ಅಪರೂಪವಾದಾಗ ಲೆಕ್ಕವೇ ಹೀಗೆ ಬರುತ್ತದೆ. ಅದಕ್ಕೇ ಐಸಿಟಿಸಿ, ಅಂದರೆ ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಬೇರೆ ಬೇರೆ ಮೂರು ಕಿಟ್ಟುಗಳಿಂದ ನೋಡಿ, ಮೂರೂ ಹೂಂ ಅಂದ ಮೇಲೆ ಮಾತ್ರ ಪಾಸಿಟಿವ್ ಅಂತ ಬರೆಯುತ್ತಾರೆ. ಹಾಗಾದರೆ ಅಲ್ಲಿಯವರೆಗೆ ಔಷಧಿ ಯಾಕೆ ಕೊಡಬೇಕು? ಕಾದರೆ ಹೆರಿಗೆ ಮುಗಿದುಹೋಗುತ್ತದೆ. ಆಮೇಲೆ ನೆಗೆಟಿವ್ ಅಂತ ಆದರೆ ಮಾತ್ರೆ ನಿಲ್ಲಿಸಿದರಾಯಿತು. ಒಂದೆರಡು ದಿನದ ಮಾತ್ರೆಯಿಂದ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ.

ಗೆರೆ ಬಂದರೆ ಹೆರಿಗೆ ಮಾಡಿಸುವ ರೀತಿಯೂ ಸ್ವಲ್ಪ ಬದಲಾಗುತ್ತದೆ. ಬೇಗ ಆಗಲಿ ಅಂತ ನೀರು ಒಡೆಯುವುದಿಲ್ಲ. ತೀರಾ ಬೇಕಾಗದೆ ಕೂಸು ಬರುವ ದಾರಿಯನ್ನು ಕೊಯ್ಯುವುದಿಲ್ಲ, ಚಿಮಟ ಹಾಕುವುದಿಲ್ಲ. ಹೊಕ್ಕುಳಬಳ್ಳಿಯನ್ನು ಹಿಂಡುವುದಿಲ್ಲ. ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ನಡುನೋವಿನಲ್ಲಿ ಸಿಸೇರಿಯನ್ ಮಾಡುವುದೂ ಇಲ್ಲ.

ಕೂಸಿಗೆ ಸಿರಪ್ ಆದಷ್ಟು ಬೇಗ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹಾಕಬೇಕು. 72 ಗಂಟೆ ದಾಟಿದ ಮೇಲೆ ಶುರುಮಾಡಿದರೆ ಅದರ ಉಪಯೋಗ ಬಹಳ ಕಡಿಮೆ. ನೆವಿರಪಿನ್ ಸಿರಪ್ ಆದರೆ ಎರಡೂವರೆ ಕಿಲೋ ಮೇಲಿನ ಕೂಸಿಗೆ ದಿನಕ್ಕೊಮ್ಮೆ ಒಂದೂವರೆ ಎಂಎಲ್. ಅಳೆಯಲು ಸೂಜಿ ಇಲ್ಲದ ಸಿರಿಂಜ್ ಕೊಡುತ್ತಾರೆ, ಮನೆಯ ಚಮಚ ನಂಬಬೇಡಿ. ಹೆರಿಗೆಯಲ್ಲಿ ಗೊತ್ತಾದ ತಾಯಿಯ ಕೂಸಿಗೆ ಅಪಾಯ ಜಾಸ್ತಿ ಇರುವುದರಿಂದ ಇದರ ಜೊತೆ ಜಿಡೊವುಡಿನ್ ಸಿರಪ್ಪನ್ನೂ ಸೇರಿಸುತ್ತಾರೆ. ಆರು ವಾರವೋ ಹನ್ನೆರಡು ವಾರವೋ ಅನ್ನುವುದನ್ನು ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರ್ ನಿರ್ಧರಿಸುತ್ತಾರೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಜಿಲ್ಲಾ ಮಟ್ಟದ ದವಾಖಾನೆಗಳಲ್ಲಿ ಈ ಕೇಂದ್ರಗಳಿವೆ.

ನನಗೆ ನಿಜವಾಗಿ ಚಿಂತೆ ಆಗುವುದು ಇದಾದ ಮೇಲಿನದು, ಮನೆಗೆ ಹೋದ ಮೇಲಿನದು. ಹಾಲಿನ ವಿಷಯ. ತಾಯಿ ಔಷಧಿ ತಗೊಳ್ಳುತ್ತಾ ಎದೆಹಾಲು ಕೊಡಬಹುದು, ಕೊಡಬೇಕು. ಆರು ತಿಂಗಳು ಎದೆಹಾಲು ಬಿಟ್ಟು ಬೇರೆ ಏನೂ ಇಲ್ಲ. ಆಮೇಲೆ ಮೆತ್ತಗಿನ ಊಟದ ಜೊತೆ ವರ್ಷದವರೆಗೆ ಹಾಲು ಮುಂದುವರಿಯಬಹುದು. ಕೇಳಲಿಕ್ಕೆ ಸುಲಭ. ನಮ್ಮ ಮನೆಗಳಲ್ಲಿ ನಡೆಸುವುದು ಎಷ್ಟು ಕಷ್ಟ! ಹುಟ್ಟಿದ ದಿನ ಜೇನುತುಪ್ಪ ನೆಕ್ಕಿಸುವವರು ಒಬ್ಬರು. ಮೂರನೇ ದಿನ ಸಕ್ಕರೆ ನೀರು. ಹೊಟ್ಟೆ ನೋವಿಗೆ ಬಜೆ ತೇಯ್ದು ಗುಟ್ಟಿ. ಎರಡನೇ ತಿಂಗಳಿಗೆ "ಹಾಲು ಸಾಲ್ತಿಲ್ಲ" ಅಂತ ಎಮ್ಮೆ ಹಾಲಿಗೆ ನೀರು ಬೆರೆಸಿ ಬಾಟಲಿ. ಕೂಸಿನ ಕರುಳಿನ ಒಳಪದರ ಬಹಳ ನಾಜೂಕು. ಹೊರಗಿನದು ಬಿದ್ದಾಗ ಅದು ಕೆರಳುತ್ತದೆ, ಅಲ್ಲಿಂದ ವೈರಸ್ ನುಗ್ಗಲು ಸುಲಭ. ಎದೆಹಾಲೂ ಮೇಲಿನ ಹಾಲೂ ಬೆರೆಸಿದರೆ ಎದೆಹಾಲೊಂದನ್ನೇ ಕೊಡುವುದಕ್ಕಿಂತ ಅಪಾಯ ಜಾಸ್ತಿ ಅನ್ನುವುದು ಇದೇ ಕಾರಣಕ್ಕೆ. ತೊಟ್ಟು ಒಡೆದು ರಕ್ತ ಬಂದರೆ ಆ ಕಡೆಯ ಎದೆ ಕೊಡದೆ ಕೂಡಲೇ ತೋರಿಸಬೇಕು.

ತೊಡಕು ಏನೆಂದರೆ, ಬಾಣಂತಿ ತನ್ನ ಸೋಂಕಿನ ವಿಷಯ ಅತ್ತೆಗೆ ಹೇಳಿರುವುದಿಲ್ಲ. ಅತ್ತೆ ಗುಟ್ಟಿ ಹಿಡಿದು ಬಂದಾಗ ಏನಂತ ತಡೆಯಬೇಕು? ನಾನು ಅಂಥವರಿಗೆ ಹೇಳಿಕೊಡುವ ಉಪಾಯ ಸರಳ: "ಡಾಕ್ಟ್ರು ಆರು ತಿಂಗಳು ಏನೂ ಹಾಕಬ್ಯಾಡ ಅಂದಾರ್ರಿ, ಕೂಸಿನ ಹೊಟ್ಟಿ ನಾಜೂಕ್ ಅದ." ತಪ್ಪನ್ನು ನನ್ನ ಮೇಲೆ ಹಾಕಿಬಿಡಲಿ. ಸುಳ್ಳೂ ಅಲ್ಲ, ಯಾವ ಕೂಸಿಗಾದರೂ ಆರು ತಿಂಗಳು ಎದೆಹಾಲೇ ಸಾಕು.

ಕೂಸಿಗೆ ಬಂದಿದೆಯೋ ಇಲ್ಲವೋ ಅಂತ ಹುಟ್ಟಿದ ಕೂಡಲೇ ಪಟ್ಟಿಯಲ್ಲಿ ನೋಡಿ ಹೇಳಲು ಆಗುವುದಿಲ್ಲ. ತಾಯಿಯ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ ಒಂದೂವರೆ ವರ್ಷದವರೆಗೂ ಇರಬಹುದು. ಅದಕ್ಕೆ ಆರನೇ ವಾರದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡುತ್ತಾರೆ. ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ಕಳಿಸುತ್ತಾರೆ. ಮತ್ತೆ ಆರು ತಿಂಗಳಿಗೆ, ವರ್ಷಕ್ಕೆ, ಕೊನೆಗೆ ಹದಿನೆಂಟನೇ ತಿಂಗಳಿಗೆ. ಈ ದಾರಿಯಲ್ಲಿ ಬಹಳ ತಾಯಂದಿರು ಕೈತಪ್ಪುತ್ತಾರೆ. ಆರನೇ ವಾರದ ಹೊತ್ತಿಗೆ ಗಂಡನ ಮನೆಗೋ ಪುಣೆಗೋ ಹೋಗಿರುತ್ತಾರೆ. ಹೋಗಲಿ, ಆದರೆ ಹೊರಡುವ ಮುಂಚೆ ಎಆರ್‌ಟಿ ಕೇಂದ್ರದಲ್ಲಿ ಹೇಳಿದರೆ ಅಲ್ಲಿಯ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ.

ಒಪ್ಪಿಗೆಯ ಬಗ್ಗೆ. ಅವ್ವ ಬೇಡ ಅಂದರೂ ತಂಗಿ ಹೂಂ ಅಂದಳು ಅಂತ ಬರೆದಿದ್ದೀರಿ. ಒಪ್ಪಿಗೆ ಕೊಡಬೇಕಾದದ್ದು ಅವಳೇ. ಅವ್ವನೂ ಅಲ್ಲ, ಗಂಡನೂ ಅಲ್ಲ, ಅಣ್ಣನಾದ ನೀವೂ ಅಲ್ಲ. ಬೇಡ ಅನ್ನುವ ಹಕ್ಕೂ ಅವಳದ್ದೇ, ಬೇಡ ಅಂದಳು ಅಂತ ಹೆರಿಗೆ ಮಾಡಿಸದೆ ಕಳಿಸುವಂತಿಲ್ಲ. ಅಂಥವರನ್ನು ಹೆರಿಗೆ ಆದ ಮೇಲೆ ಇನ್ನೊಮ್ಮೆ ಕೇಳುತ್ತೇವೆ. ಆ 72 ಗಂಟೆಯೊಳಗೆ ಒಪ್ಪಿದರೆ ಕೂಸಿಗೆ ಸಿರಪ್ ಹಾಕಬಹುದು. ನೋವು ಏರಿದಾಗ ಕೇಳಬಾರದು, ಎರಡು ನೋವಿನ ನಡುವಿನ ಬಿಡುವಿನಲ್ಲಿ ಕೇಳಬೇಕು. ಎಚ್‌ಐವಿ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರದ ಕಾಯ್ದೆಯೇ ಬಂದಿದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೇಳದೆ ಟೆಸ್ಟ್ ಮಾಡುವುದು, ಫಲಿತಾಂಶವನ್ನು ಕಂಡಕಂಡವರಿಗೆ ಹೇಳುವುದು, ಚಿಕಿತ್ಸೆಯಲ್ಲಿ ಭೇದ ಮಾಡುವುದು, ಎಲ್ಲಕ್ಕೂ ಅದರಲ್ಲಿ ತಡೆ ಇದೆ. ಖಾಸಗಿ ನರ್ಸಿಂಗ್ ಹೋಮುಗಳಿಗೂ ಇದು ಅನ್ವಯ. "ಎಲ್ಲಾ ಬ್ಲಡ್ ಟೆಸ್ಟ್" ಅಂತ ಒಂದೇ ಚೀಟಿಯಲ್ಲಿ ಬರೆದು ಕಳಿಸುವ ರೂಢಿ ನನಗೆ ಸರಿಬರುವುದಿಲ್ಲ.

ಇದನ್ನು ಇಷ್ಟು ಖಾರವಾಗಿ ಹೇಳಲು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ದವಾಖಾನೆಯಲ್ಲಿ, ಗೆರೆ ಬಂದ ಹೆಂಗಸಿನ ಕೇಸ್ ಶೀಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಮಂಚಕ್ಕೆ ತೂಗುಹಾಕಿದ್ದರು. ಓದಲು ಬಾರದ ಅವಳ ಅತ್ತೆ ಪಕ್ಕದ ಮಂಚದವರಿಂದ ಓದಿಸಿಕೊಂಡಳು. ಬೆಳಗಾಗುವುದರಲ್ಲಿ ಗಂಡನ ಮನೆಯವರು ಯಾರೂ ಇರಲಿಲ್ಲ. ಎರಡು ದಿನದ ಮೇಲೆ ಐಸಿಟಿಸಿಯಲ್ಲಿ ಮೂರು ಕಿಟ್ಟಿನಿಂದ ನೋಡಿದಾಗ ನೆಗೆಟಿವ್. ಆ ಕೆಂಪು ಅಕ್ಷರ ಬರೆದ ದಿನ ಡ್ಯೂಟಿಯಲ್ಲಿ ನಾನೂ ಇದ್ದೆ, ತೆಗೆಸಲಿಲ್ಲ. ಎಚ್ಚರಿಕೆ ಬೇಕು ಅಂದರೆ ಗ್ಲೌಸ್ ಎಲ್ಲಾ ಹೆರಿಗೆಗೂ ಹಾಕಿಕೊಳ್ಳುತ್ತೇವಲ್ಲ, ಅದೇ ಸಾಕು.

ಇನ್ನು ನೀವು, ನಿಮ್ಮ ಹೆಂಡತಿ. ತಾಯಿ ಕಾರ್ಡ್ ತೆಗೆದು ನೋಡಿ, ಎಚ್‌ಐವಿ ಮತ್ತು ಸಿಫಿಲಿಸ್ ಟೆಸ್ಟ್ ಆಗಿದೆಯೋ ಇಲ್ಲವೋ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಆಗಿದ್ದರೆ ಎಂಟನೇ ತಿಂಗಳಲ್ಲಿ ಇನ್ನೊಮ್ಮೆ ಕೇಳಿ ಮಾಡಿಸಿ. ಕಾರ್ಡಿನ ಎಲ್ಲಾ ಪುಟದ ಫೋಟೊ ತೆಗೆದು ನಿಮ್ಮ ಫೋನಿನಲ್ಲೂ ಅವರ ಫೋನಿನಲ್ಲೂ ಇಟ್ಟುಕೊಳ್ಳಿ, ತವರಿಗೆ ಹೋದರೂ ಜೊತೆಗಿರುತ್ತದೆ. ಮುಖ್ಯವಾಗಿ, ನೀವೂ ಟೆಸ್ಟ್ ಮಾಡಿಸಿಕೊಳ್ಳಿ. ಬಸುರಿಗೆ ಹತ್ತು ಸಲ ಚುಚ್ಚುತ್ತೇವೆ, ಗಂಡನನ್ನು ಯಾರೂ ಕೇಳುವುದಿಲ್ಲ, ಇದು ನ್ಯಾಯವಾ? ತಾಲ್ಲೂಕು ದವಾಖಾನೆಯ ಐಸಿಟಿಸಿಯಲ್ಲಿ ಪುಕ್ಕಟೆ, ಗುಟ್ಟಾಗಿಯೂ ಇಡುತ್ತಾರೆ. ಹೋಗುವ ಮುಂಚೆ ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ. ಬೆಂಗಳೂರಿನಿಂದ ಬಂದಾಗ ಇಬ್ಬರೂ ಒಟ್ಟಿಗೆ ಹೋಗಿ. ಅವ್ವನನ್ನೂ ಕರೆದುಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರೆ ಇನ್ನೂ ಒಳ್ಳೆಯದು. ಮಗನೂ ಬೆರಳು ಚಾಚಿದ್ದು ಅವರ ಕಣ್ಣಿಗೆ ಬೀಳಲಿ.